ಬೇಟೆಯ ಬಂಡಿ

ಹಂಪೆಯಲ್ಲಿ ವಿಜಯವಿಠ್ಠಲನ ಗುಡಿಗೆ ಹೋಗುವವರು ಗೆಜ್ಜಲ ಮಂಟಪದ ಬಳಿ ತಮ್ಮ ವಾಹನಗಳನ್ನು ಬಿಟ್ಟು, ಬ್ಯಾಟರಿಯಿಂದ ಓಡುವ ಪುಟ್ಟ ಗಾಡಿಗಳನ್ನು ಏರಬೇಕು. ಪಕ್ಕ ತೆರೆದ, ಮೇಲೆ ತೆಳು ಚಾವಣಿಯ, ಸದ್ದಿಲ್ಲದ ಗಾಡಿಗಳವು. ಅವನ್ನು ನಡೆಸುವವರಲ್ಲಿ ಹೆಣ್ಣುಮಕ್ಕಳೂ ಉಂಟು. ಅಮೆರಿಕದಲ್ಲಿ ನೆಲೆಸಿರುವ ನನ್ನ ಸೋದರಳಿಯನೊಬ್ಬ ರಜೆಗೆಂದು ಕೊಟ್ಟೂರಿಗೆ ಬಂದಿದ್ದಾಗ ಅವನೊಡನೆ ಇದನ್ನು ಏರಿದೆ. ಗಾಡಿ ಹೊರಟದ್ದೇ ತಿಳಿಯಲಿಲ್ಲ. ಅವನು ನಕ್ಕು ಹೇಳಿದ: “ಮಾಮಾ, ನಾವಿರೋ ಕಡೆ ಇಂಥಾವೇ ಹಳೇ ಗಾಡಿ ಅಗ್ಗಕ್ಕ ಕೊಂಡು ಶಿಕಾರಿಗೆ ಮಾಡ್ಕೊಂತಾರ. ನಮ್ಮ ಪಕ್ಕದ ಮನಿಯವನೂ ಒಂದು ಮಾಡ್ಯಾನ.”

ಕಲ್ಲಿನ ರಥವನ್ನು ನೋಡಹೊರಟವರಿಗೆ ಮಾತು ಬೇಟೆಯ ರಥದ ಕಡೆಗೆ ತಿರುಗಿತು. ಗಾಲ್ಫ್ ಆಟದ ಬಯಲುಗಳಲ್ಲಿ ಹೆಚ್ಚು ನಡೆಯಲಾರದವರನ್ನು ಕರೆದೊಯ್ಯಲೆಂದು ಮೊದಲಿಗೆ ಬಳಕೆಗೆ ಬಂದ ವಾಹನ ಇದು. ಅಮೆರಿಕದಲ್ಲಿ ೧೯೫೦ರ ದಶಕದಲ್ಲಿ ಇದನ್ನು ಮಾಡುವ ಕಾರ್ಖಾನೆಗಳು ಹುಟ್ಟಿಕೊಂಡವು. ಜಾರ್ಜಿಯಾ ಸಂಸ್ಥಾನದ ಇಬ್ಬರು ಸೋದರರು ೧೯೫೪ರಲ್ಲಿ ಆರಂಭಿಸಿದ ಈ-ಜೀ-ಗೋ ಅವುಗಳಲ್ಲೊಂದು. ಆರಾರು ವೋಲ್ಟಿನ ಆರು ಸೀಸದ ಬ್ಯಾಟರಿಗಳನ್ನು ಸಾಲಾಗಿ ಕೂಡಿಸಿದರೆ ಮೂವತ್ತಾರು ವೋಲ್ಟು. ಒಂದೊಂದು ಬ್ಯಾಟರಿಯೂ ಇಪ್ಪತ್ತೆಂಟು ಕಿಲೋ ಆಸುಪಾಸಿನ ಭಾರ. ಗಂಟೆಗೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ಓಡದು. ಬ್ಯಾಟರಿ ಸತ್ತ ಹಳೆಯ ಗಾಡಿಯನ್ನು ಮಾಲೀಕ ಅಗ್ಗಕ್ಕೆ ಕೊಟ್ಟುಬಿಡುತ್ತಾನೆ. ಕೊಂಡವನು ಅದರ ಮೈಯನ್ನು ಅಚ್ಚಿನಿಂದ ಒಂದು ಗೇಣು ಎತ್ತರಿಸಿ, ನುಣ್ಣನೆಯ ಗಾಲಿ ತೆಗೆದು ಹಲ್ಲುಳ್ಳ ದೊಡ್ಡ ಗಾಲಿ ಹಾಕಿ, ಎಲೆ ಬಣ್ಣ ಬಳಿದು, ಹಿಂದೆ ಬೇಟೆಯನ್ನು ಹೊರಲು ಒಂದು ತಟ್ಟೆ ಕೂಡಿಸುತ್ತಾನೆ. ಗಾಲಿ ದೊಡ್ಡದಾದಷ್ಟೂ ಮೋಟಾರಿಗೆ ಎಳೆತ ಹೆಚ್ಚು. ಆದ್ದರಿಂದ ದುಡ್ಡು ಉಳಿದರೆ ಮೋಟಾರನ್ನೂ ಅದಕ್ಕೆ ವಿದ್ಯುತ್ತನ್ನು ಅಳೆದು ಕೊಡುವ ಪೆಟ್ಟಿಗೆಯನ್ನೂ ಬದಲಿಸುತ್ತಾನೆ, ಉಳಿಯದಿದ್ದರೆ ಏರಿನಲ್ಲಿ ಇಳಿದು ತಳ್ಳುತ್ತಾನೆ. ಖರ್ಚೆಲ್ಲ ಹೊಸ ಬ್ಯಾಟರಿಗಳದೇ. ಇಷ್ಟು ಪಾಡು ಏತಕ್ಕೆಂದರೆ, ಗಾಡಿ ಸದ್ದು ಮಾಡುವುದಿಲ್ಲ, ಹೊಗೆ ನಾರುವುದಿಲ್ಲ, ಮೃಗ ಓಡಿಹೋಗುವುದಿಲ್ಲ.

“ಇದರಾಗ ಹೊಸಾದೇನೂ ಇಲ್ಲ. ಇದನ್ನ ನಮ್ಮ ಎತ್ತಿನ ಬಂಡಿ ಎಂದೋ ಮಾಡ್ಯದ,” ಎಂದೆ. ಅವನು ನಂಬಲಿಲ್ಲ. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಹರಪನಹಳ್ಳಿ ಸೀಮೆಯ ಬಾಗಳಿಯ ಕಲ್ಲೇಶ್ವರ, ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ, ಈ ಗುಡಿಗಳನ್ನು ಕಂಡವರಿಗೆ ಕಲ್ಯಾಣದ ಚಾಳುಕ್ಯರು ಪರಕೀಯರಲ್ಲ. ಆ ವಂಶದ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರವರೆಗೆ ಆಳಿದವನು. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳು. ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ, ಸಂಗೀತದಿಂದ ಹಿಡಿದು ಆನೆಯ ಚಿಕಿತ್ಸೆಯವರೆಗೆ ಅದರಲ್ಲಿ ಬಾರದ ವಿಷಯವಿಲ್ಲ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ಬೇಟೆಗೂ ಒಂದು ಅಧ್ಯಾಯ ಉಂಟು. ಬಲೆ, ಉರುಲು, ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದು, ಹೀಗೆ ಉಪಾಯಗಳ ಸಾಲೇ ಅಲ್ಲಿದೆ. ಚೀತಾ ಬಿಟ್ಟು ಜಿಂಕೆ ಹಿಡಿಸುವ ಬೇಟೆಯೂ ಅದರಲ್ಲಿ ಬರುತ್ತದೆ. ಮೊಗಲರ ಹೆಸರಿನೊಡನೆ ನಾವು ಸೇರಿಸಿಕೊಂಡಿರುವ ಈ ವಿನೋದಕ್ಕೆ ಅವರಿಗಿಂತ ನಾಲ್ಕುನೂರು ವರ್ಷ ಹಿಂದಿನ ಸಾಕ್ಷಿಯನ್ನು ಕನ್ನಡ ನೆಲದ ಅರಸನೊಬ್ಬ ಬರೆದಿಟ್ಟಿದ್ದಾನೆ.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ಚೀತಾ ಬೇರೆ, ಚಿರತೆ ಬೇರೆ. ಚಿರತೆ ಮರ ಹತ್ತುವ, ಹೊಂಚುಹಾಕುವ ಪ್ರಾಣಿ. ಕೂಡ್ಲಿಗಿಯ ಬಂಡೆಗುಡ್ಡಗಳಲ್ಲಿ ಇಂದಿಗೂ ಇದೆ. ಚೀತಾ ಬಯಲಿನದು; ಸಣ್ಣ ತಲೆ, ಸೊರಗಿದ ಸೊಂಟ, ಕಣ್ಣಿನಿಂದ ಬಾಯಿಗೆ ಇಳಿದ ಕಪ್ಪು ಗೆರೆ. ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ ೧೮೬೭ರಲ್ಲಿ ಹೊರತಂದ ಭಾರತದ ಸಸ್ತನಿಗಳ ಗ್ರಂಥದಲ್ಲಿ ಇದಕ್ಕೆ ಕನ್ನಡದ ಹೆಸರನ್ನೂ ಗುರುತು ಹಾಕಿಕೊಂಡಿದ್ದಾನೆ: ಶಿವಂಗಿ. ಪ್ರಾಣಿ ಹೋದ ಮೇಲೆ ಅದರ ಹೆಸರೂ ನಮ್ಮ ಬಾಯಿಂದ ಹೋಯಿತು. ೨೦೨೨ರಲ್ಲಿ ಆಫ್ರಿಕದಿಂದ ಚೀತಾ ಬಂದಾಗ ಅದನ್ನು ಏನೆಂದು ಕರೆಯಬೇಕೆಂದು ಕನ್ನಡದವರೇ ತಡಕಾಡಿದರು.

ಶಿವಂಗಿಯಷ್ಟು ವೇಗವಾಗಿ ಓಡುವ ಪ್ರಾಣಿ ನೆಲದ ಮೇಲೆ ಇನ್ನೊಂದಿಲ್ಲ. ಗಂಟೆಗೆ ನೂರು ಕಿಲೋಮೀಟರಿನ ವೇಗ ಅದಕ್ಕೆ ಉಂಟು. ಆದರೆ ಆ ಓಟ ಕೆಲವೇ ನೂರು ಗಜದ್ದು. ಅಷ್ಟರೊಳಗೆ ಸಿಕ್ಕರೆ ಸಿಕ್ಕಿತು. ಇಲ್ಲವಾದರೆ ಏದುತ್ತ ಕುಳಿತುಬಿಡುತ್ತದೆ. ನಮ್ಮ ಚಿಗರಿಯೇನು ಸಾಮಾನ್ಯವೇ? ಗಂಟೆಗೆ ಎಂಬತ್ತು ಕಿಲೋಮೀಟರು ಓಡಬಲ್ಲುದು, ದೂರಕ್ಕೂ ಓಡಬಲ್ಲುದು. ಬಯಲಲ್ಲಿ ಮರೆಯೆಂಬುದಿಲ್ಲ. ಮನುಷ್ಯ ಕಾಲುನಡಿಗೆಯಲ್ಲಿ ಬಂದರೆ ಅರ್ಧ ಮೈಲಿಯಿಂದಲೇ ಅದು ಎದ್ದು ಹೋಗುತ್ತದೆ. ಹಾಗಾದರೆ ಶಿವಂಗಿಯನ್ನು ಚಿಗರಿಯ ಇನ್ನೂರು ಗಜದೊಳಕ್ಕೆ ಒಯ್ಯುವವರು ಯಾರು? ಒಯ್ದದ್ದು ಎತ್ತಿನ ಬಂಡಿ.

ಹೊಲದ ಬಂಡಿಗೆ ಚಿಗರಿ ಹೆದರುತ್ತಿರಲಿಲ್ಲ. ಹುಟ್ಟಿದಂದಿನಿಂದ ಅದು ಕಂಡದ್ದು ಅದನ್ನೇ. ಹಡಗಲಿಯ ಎರೆ ಹೊಲವಿರಲಿ, ಕೂಡ್ಲಿಗಿ ಕಡೆಯ ಮಸಾರಿಯಿರಲಿ, ಬೆಳಗಾದರೆ ಗೊಬ್ಬರದ ಬಂಡಿ, ಸುಗ್ಗಿಯಲ್ಲಿ ಸೊಪ್ಪೆಯ ಬಂಡಿ, ಮೈಲಾರಕ್ಕೆ ಕೊಟ್ಟೂರಿಗೆ ಜಾತ್ರೆಯ ಬಂಡಿ. ಎತ್ತಿನ ವಾಸನೆ, ಗಾಲಿಯ ಕಿರುಗುಟ್ಟುವಿಕೆ, ಹೊಡೆಯುವವನ ಕೂಗು, ಇವೆಲ್ಲ ಅದಕ್ಕೆ ಗಾಳಿಯ ಸದ್ದಿನಂತೆ. ಈ ನಂಬಿಕೆಯೇ ಬೇಟೆಗಾರನ ಬಂಡವಾಳ. ಅಮೆರಿಕದವನು ಸದ್ದಿಲ್ಲದ ಗಾಡಿಯನ್ನು ಹುಡುಕಿದ; ನಮ್ಮವನಿಗೆ ಸದ್ದು ಇದ್ದರೂ ಅಡ್ಡಿಯಿರಲಿಲ್ಲ, ಗುರುತಿನ ಸದ್ದಾದರೆ ಸಾಕಿತ್ತು.

ಬಂಡಿಯನ್ನು ಬೇಟೆಗೆ ಹೊಂದಿಸುವ ಖರ್ಚೂ ಬಹಳವಿಲ್ಲ. ಪಕ್ಕದ ಗೂಟ ಕಿತ್ತು, ತಟ್ಟಿ ತೆಗೆದು, ನೊಗದಿಂದ ಹಿಂದಕ್ಕೆ ಒಂದು ಚಪ್ಪಟೆ ಹಾಸು ಉಳಿಸಿದರೆ ಆಯಿತು. ಅದರ ಮೇಲೆ ಒಂದು ಹಚ್ಚಡ. ಹಚ್ಚಡದ ಮೇಲೆ ಶಿವಂಗಿ; ಸೊಂಟಕ್ಕೆ ಹಗ್ಗ, ಕಣ್ಣಿಗೆ ತೊಗಲಿನ ಟೊಪ್ಪಿಗೆ. ಪಕ್ಕದಲ್ಲಿ ಅದನ್ನು ಸಾಕಿದವನು ಕುಳಿತು ಬೆನ್ನು ಸವರುತ್ತಿರುತ್ತಾನೆ. ಹೊಡೆಯುವವನು ಹಿಂಡಿನ ಕಡೆಗೆ ನೇರವಾಗಿ ಹೊಡೆಯುವುದಿಲ್ಲ. ಎಲ್ಲಿಗೋ ಹೋಗುವವನಂತೆ ಓರೆಯಾಗಿ ಹೋಗುತ್ತಾನೆ, ಸುತ್ತಿ ಮತ್ತೆ ಓರೆಯಾಗಿ ಬರುತ್ತಾನೆ, ಸುತ್ತು ಒಂದೊಂದಕ್ಕೂ ಕಿರಿದಾಗುತ್ತದೆ. ಮುಖ್ಯವಾದ ನಿಯಮವೊಂದೇ: ಬಂಡಿ ನಿಲ್ಲಬಾರದು. ನಿಂತ ಬಂಡಿ ಚಿಗರಿಗೆ ಅನುಮಾನ. ಇನ್ನೂರು ಗಜಕ್ಕೆ ಬಂದಾಗ ಟೊಪ್ಪಿಗೆ ತೆಗೆದು ತಲೆಯನ್ನು ಹಿಂಡಿನತ್ತ ತಿರುಗಿಸಿ ಹಗ್ಗ ಬಿಡುತ್ತಾರೆ. ಅದು ಚಲಿಸುತ್ತಿರುವ ಬಂಡಿಯ ಮರೆಯ ಮಗ್ಗುಲಿಗೆ ಇಳಿಯುತ್ತದೆ, ಮೈ ನೆಲಕ್ಕೆ ತಗ್ಗಿಸಿ ಕೆಲವು ಹೆಜ್ಜೆ ನಡೆಯುತ್ತದೆ, ಆಮೇಲೆ ನೋಡುವವರ ಕಣ್ಣಿಗೆ ಧೂಳಷ್ಟೇ ಕಾಣುತ್ತದೆ. ಹಿಡಿದಿದ್ದರೆ ಕೊರಳು ಬಿಡದೆ ಕುಳಿತಿರುತ್ತದೆ. ಸಾಕಿದವನು ಓಡಿಹೋಗಿ ಚಿಗರಿಯ ಕತ್ತು ಕೊಯ್ದು, ಮರದ ಸೌಟಿನಲ್ಲಿ ರಕ್ತ ಹಿಡಿದು ಅದರ ಬಾಯಿಗೊಡ್ಡಿ, ಅದು ನೆಕ್ಕುತ್ತಿರುವಾಗಲೇ ಟೊಪ್ಪಿಗೆ ಹಾಕಿಬಿಡುತ್ತಾನೆ. ಅರಸನ ವಿನೋದ ಇಷ್ಟು. ಅದರಲ್ಲಿ ಅರಸನ ಪಾಲು ನೋಡುವುದೊಂದೇ ಎಂದು ನನಗೆ ಅನಿಸಿದ್ದುಂಟು.

ಶಿವಂಗಿಯೂ ಇಲ್ಲದ ಬಡವನಿಗೆ ಇನ್ನೂ ಅಗ್ಗದ ದಾರಿಯಿತ್ತು. ಬಂಡಿಯೂ ಬೇಡ, ಪಳಗಿದ ಒಂದು ಎತ್ತು ಸಾಕು. ಉತ್ತರ ಕರ್ನಾಟಕದ ಹರಣಶಿಕಾರಿಗಳು ಎತ್ತಿನ ಮರೆಯಲ್ಲಿ ನಡೆದು ಹಿಂಡನ್ನು ಸಮೀಪಿಸುತ್ತಿದ್ದರು. ಎತ್ತು ಮೇಯುತ್ತ ಹೆಜ್ಜೆ ಹಾಕುತ್ತದೆ, ಮನುಷ್ಯ ಅದರ ಮುಂಗಾಲಿನೊಡನೆ ತನ್ನ ಕಾಲು ಸರಿಸುತ್ತಾನೆ. ನರದಿಂದ ಹೊಸೆದ ಉರುಲುಗಳನ್ನು ಒಂದು ಕಡೆ ನೆಟ್ಟು ಚಿಗರಿಗಳನ್ನು ಮೆಲ್ಲನೆ ಅತ್ತ ಸರಿಸುವುದು ಅವರ ವಿದ್ಯೆ. ಇದೂ ಸೋಮೇಶ್ವರನ ಪಟ್ಟಿಯ ಉಪಾಯಗಳ ಬಳಗವೇ. ಅರಸ ಆಡಿದರೆ ಅದು ವಿನೋದವೆನಿಸಿತು. ೧೮೭೧ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಮೇಲೆ, ಹೀಗೆ ಅಲೆದು ಬದುಕಿದ ಹಲವು ಜನಾಂಗಗಳು ಹುಟ್ಟಿನಿಂದಲೇ ಕಳ್ಳರೆನಿಸಿದರು. ಆ ಕಳಂಕವನ್ನು ಕಾನೂನಿನಿಂದ ತೆಗೆಯಲು ೧೯೫೨ ಬರಬೇಕಾಯಿತು. ಜನರ ಮನಸ್ಸಿನಿಂದ ತೆಗೆಯುವುದು ಬೇರೆಯೇ ಮಾತು.

ನಮ್ಮ ಸೀಮೆಗೆ ಬೇಟೆ ಹೊರಗಿನಿಂದ ಬಂದದ್ದಲ್ಲ. ವಿಜಯನಗರದ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಬೇಟೆಯ ದೃಶ್ಯ ಸಾಲುಗಟ್ಟಿವೆ. ವಿಜಯನಗರ ಮುರಿದ ಮೇಲೆ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ತಲೆಯೆತ್ತಿದ ಪಾಳೆಯಗಾರರು ಬೇಡರ ಕುಲದವರು. ಬೇಟೆ ಅವರ ಹೆಸರಿನಲ್ಲಿಯೇ ಇದೆ. ದಕ್ಷಿಣದಲ್ಲಿ ಟಿಪ್ಪು ಸುಲ್ತಾನನೂ ಬೇಟೆಯ ಚೀತಾಗಳನ್ನು ಸಾಕಿದ್ದ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಆರ್ಥರ್ ವೆಲ್ಲೆಸ್ಲಿಯ ವಶಕ್ಕೆ ಬಂದವು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಮನುಷ್ಯ ಸತ್ತ ಸುಲ್ತಾನನ ಚೀತಾಗಳಿಗೆ ಮೇವಿನ ಲೆಕ್ಕ ನೋಡಿಕೊಳ್ಳಬೇಕಾಯಿತು.

ಬಂಡಿ ಸುಲಭವಾಗಿತ್ತು, ಬಂಡಿಯ ಮೇಲಿನದು ಸುಲಭವಾಗಿರಲಿಲ್ಲ. ಸೆರೆಯಲ್ಲಿ ಚೀತಾ ಮರಿ ಹಾಕುವುದು ಆ ಕಾಲದಲ್ಲಿ ತೀರ ಅಪರೂಪವಾಗಿತ್ತು. ಅಕ್ಬರನು ಸಾವಿರ ಚೀತಾ ಕೂಡಿಸಿದ್ದರೂ ಅವು ಕೂಡಿ ಮರಿ ಹಾಕಲಿಲ್ಲವೆಂದೂ, ತನ್ನ ಕಾಲದಲ್ಲಿ ಒಂದು ಹೆಣ್ಣು ಮೂರು ಮರಿ ಹಾಕಿದ್ದು ಆಶ್ಚರ್ಯವೆಂದೂ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಆದ್ದರಿಂದ ಬೇಟೆಗೆ ಬೇಕಾದ ಒಂದೊಂದು ಪ್ರಾಣಿಯನ್ನೂ ಕಾಡಿನಿಂದಲೇ ಹಿಡಿಯಬೇಕು. ಅದರಲ್ಲಿಯೂ ತಾಯಿಯಿಂದ ಬೇಟೆ ಕಲಿತ ಬಲಿತ ಪ್ರಾಣಿಯನ್ನೇ ಹಿಡಿಯಬೇಕು. ಶತಮಾನಗಳ ಕಾಲ ತೆಗೆದದ್ದೇ ಹೊರತು ಹಾಕಿದ್ದಿಲ್ಲ. ಬಯಲು ಉಳುಮೆಯಾಗುತ್ತ ಬಂದಿತು, ಚಿಗರಿ ಕಡಮೆಯಾಗುತ್ತ ಬಂದಿತು. ಇಪ್ಪತ್ತನೆಯ ಶತಮಾನ ಹೊರಳುವ ಹೊತ್ತಿಗೆ ನಮ್ಮ ನೆರೆಯ ಕೊಲ್ಲಾಪುರದ ಅರಸರು ತಮ್ಮ ವಿನೋದಕ್ಕೆ ಆಫ್ರಿಕದಿಂದ ಚೀತಾ ತರಿಸುವಂತಾಯಿತು.

ಅದೇ ಕಾಲದಲ್ಲಿ ಮೋಟಾರು ಬಂದಿತು. ದುಡ್ಡಿನ ಲೆಕ್ಕವಿಲ್ಲದವರ ಬೇಟೆಯ ಗಾಡಿ ಹೇಗಿರುತ್ತದೆಂಬುದಕ್ಕೆ ರಾಜಸ್ಥಾನದ ಕೋಟಾ ಮಹಾರಾಜರ ರೋಲ್ಸ್‌ರಾಯ್ಸ್ ಸಾಕ್ಷಿ. ೧೯೨೫ರಲ್ಲಿ ಹುಲಿ ಬೇಟೆಗೆಂದೇ ಹೇಳಿ ಮಾಡಿಸಿದ ಆ ಕಾರಿಗೆ ರಾತ್ರಿಯನ್ನು ಹಗಲು ಮಾಡುವ ದೀಪಗಳು, ಬಂದೂಕಿನ ಗೂಡುಗಳು, ಹಿಂದೆ ಎಳೆದೊಯ್ಯಲು ಫಿರಂಗಿ ಕೂಡ ಇತ್ತಂತೆ. ಹುಲಿಯೊಂದರ ಮೇಲೆ ಫಿರಂಗಿ! ಇಂಥ ಹುಚ್ಚು ಕೆಲವರದ್ದಾದ್ದರಿಂದ ಕಾಡಿಗೆ ಅದರಿಂದಾದ ನಷ್ಟಕ್ಕೂ ಮಿತಿಯಿತ್ತು.

ಮಿತಿ ಮೀರಿಸಿದ್ದು ಅಗ್ಗದ ಗಾಡಿ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದವರು ಲಕ್ಷಗಟ್ಟಲೆ ತಯಾರಿಸಿದ ವಿಲ್ಲಿಸ್ ಜೀಪು, ಯುದ್ಧ ಮುಗಿದ ಮೇಲೆ ಲಿಲಾವಿನಲ್ಲಿ ಬಿಕರಿಗೆ ಬಂದಿತು. ಮುಂಬಯಿಯ ಮಹೀಂದ್ರ ಸಂಸ್ಥೆಯವರು ೧೯೪೭ರಿಂದ ಅದನ್ನು ಇಲ್ಲಿಯೇ ಜೋಡಿಸತೊಡಗಿದರು. ನಾಲ್ಕು ಗಾಲಿಗೂ ಎಳೆತವಿರುವ ಈ ಗಾಡಿಗೆ ರಸ್ತೆ ಬೇಡ. ಅದನ್ನು ಬೇಟೆಗೆ ಹೊಂದಿಸುವುದೂ ಬಂಡಿಯಷ್ಟೇ ಸುಲಭ: ಮೇಲಿನ ಕ್ಯಾನ್‌ವಾಸು ಕಳಚಿ, ಮುಂಗಾಜನ್ನು ಬಾನೆಟ್ಟಿನ ಮೇಲೆ ಮಡಿಸಿ, ಬ್ಯಾಟರಿಯಿಂದ ಒಂದು ತಂತಿ ಎಳೆದು ಕೈಯಲ್ಲಿ ತಿರುಗಿಸುವ ದೀಪ ಹಚ್ಚಿದರೆ ಮುಗಿಯಿತು. ಆ ದೀಪ ಬಿದ್ದ ಕಣ್ಣು ಹೊಳೆಯುತ್ತದೆ, ಕಣ್ಣಿನ ಒಡೆಯ ಬೆರಗಾಗಿ ನಿಲ್ಲುತ್ತದೆ. ಬಂಡಿಯ ಬೇಟೆಯಲ್ಲಿ ಓಡಿ ಬದುಕಿಕೊಳ್ಳಲು ಚಿಗರಿಗೆ ಒಂದು ಅವಕಾಶವಾದರೂ ಇತ್ತು. ಸುತ್ತು ಒಂದಿಷ್ಟು ತಪ್ಪಿದರೆ, ಗಾಳಿ ತಿರುಗಿದರೆ, ಶಿವಂಗಿಗೆ ಮನಸ್ಸಿಲ್ಲದಿದ್ದರೆ ಅದು ಗೆದ್ದಂತೆ. ದೀಪದ ಮುಂದೆ ಆ ಲೆಕ್ಕವಿಲ್ಲ.

ನಾನು ಚಿಕ್ಕವನಿದ್ದಾಗ, ೧೯೬೦ರ ದಶಕದ ಒಂದು ಬೇಸಗೆಯಲ್ಲಿ, ಅಂಗಳದಲ್ಲಿ ಮಲಗಿದ್ದ ನಮ್ಮನ್ನು ಜೀಪಿನ ಸದ್ದು ಎಬ್ಬಿಸಿತು. ನೀರು ಕೇಳಲು ನಿಲ್ಲಿಸಿದ್ದರು. ಬಾನೆಟ್ಟಿನ ಮೇಲೆ ಮೂರು ಚಿಗರಿ ಬಿದ್ದಿದ್ದವು. ಒಂದರ ಕೊಂಬು ತಿರುಪಿನಂತೆ ಉದ್ದಕ್ಕೆ ಹೊರಗೆ ಚಾಚಿತ್ತು. ನಮ್ಮಜ್ಜಿ ನೀರು ಕೊಟ್ಟಳು. ಚೊಂಬನ್ನು ಒಳಗೆ ತರದೆ ಹೊರಗೇ ಬೂದಿ ಹಚ್ಚಿ ತಿಕ್ಕಿದಳು. ಅಂದು ನಮಗೆ ಹುಡುಗರಿಗೆ ಜೀಪು ಮುಟ್ಟಿದ್ದೇ ಸಂಭ್ರಮ.

ಶಿವಂಗಿಯ ಕಡೆಯೂ ಇಂಥದೇ ಬೆಳಕಿನಲ್ಲಿ ಆಯಿತು. ಇಂದಿನ ಛತ್ತೀಸಗಢಕ್ಕೆ ಸೇರಿದ ಕೊರಿಯಾ ಸಂಸ್ಥಾನದ ರಾಜರು ೧೯೪೭ರಲ್ಲಿ ಒಂದು ರಾತ್ರಿ ವಾಹನದಲ್ಲಿ ಹೋಗುತ್ತಿದ್ದಾಗ ದೀಪದ ಮುಂದೆ ಮೂರು ಗಂಡು ಚೀತಾಗಳು ಕಂಡವು. ಮೂರನ್ನೂ ಹೊಡೆದರು. ಇಂಡಿಯಾದಲ್ಲಿ ಚೀತಾ ಇತ್ತೆಂಬುದಕ್ಕೆ ನಿಶ್ಚಿತವಾದ ಕೊನೆಯ ದಾಖಲೆಯೆಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ೧೯೫೨ರಲ್ಲಿ ವನ್ಯಜೀವಿಗಳ ಕೇಂದ್ರ ಮಂಡಲಿ ಮೊದಲ ಸಭೆ ಸೇರಿದ್ದು ನಮ್ಮ ಮೈಸೂರಿನಲ್ಲಿ; ಅಧ್ಯಕ್ಷರು ಮೈಸೂರಿನ ಮಹಾರಾಜರು. ಚೀತಾವನ್ನು ಉಳಿಸಬೇಕೆಂಬ ಮಾತು ಅಲ್ಲಿ ಬಂದಿತು. ಉಳಿಸಲು ಆಗ ಏನೂ ಉಳಿದಿರಲಿಲ್ಲ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಅದು ಮೊದಲು ಹೊರಬಿದ್ದ ರೂಪದಲ್ಲಿ ಓದಿದರೆ ಈ ಇತಿಹಾಸವೆಲ್ಲ ಹದಿನೇಳನೆಯ ಪ್ರಕರಣದಲ್ಲಿ ಮಡಿಸಿಟ್ಟಂತೆ ಕಾಣುತ್ತದೆ. ಗಾಲಿಯುಳ್ಳ ಅಥವಾ ಯಂತ್ರಬಲದಿಂದ ಚಲಿಸುವ ವಾಹನದಿಂದ ಬೇಟೆಯಾಡಕೂಡದು. ಮೋಟಾರಿನಿಂದ ಮೃಗಗಳನ್ನು ಬೆದರಿಸಿ ಅಟ್ಟಕೂಡದು. ಉರುಲು ಬಲೆಗಳನ್ನು ಒಡ್ಡಕೂಡದು. ಸೂರ್ಯ ಮುಳುಗಿದ ಮೇಲೆ ಹುಟ್ಟುವವರೆಗೆ ಬೇಟೆ ಕೂಡದು. ‘ಗಾಲಿಯುಳ್ಳ’ ಎಂಬ ಒಂದು ಮಾತಿನಲ್ಲಿ ನಮ್ಮ ಎತ್ತಿನ ಬಂಡಿಯೂ ಜೀಪಿನ ಪಕ್ಕಕ್ಕೆ ಬಂದು ನಿಂತಿತು. ಆಗ ಪರವಾನಿಗೆ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಇನ್ನೂ ಅವಕಾಶವಿತ್ತು. ೧೯೯೧ರ ತಿದ್ದುಪಡಿ ಆ ಪರವಾನಿಗೆಯ ಬೇಟೆಯನ್ನೇ ತೆಗೆದುಹಾಕಿತು. ಬೇಟೆಯೇ ಇಲ್ಲವಾದಾಗ ಹೇಗೆ ಆಡಬಾರದೆಂಬ ಪ್ರಕರಣವೂ ಬೇಡವಾಯಿತು. ಚಿಗರಿ ಮೊದಲನೆಯ ಅನುಸೂಚಿಯ ಪ್ರಾಣಿ. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆ. ಆದಕಾರಣ ಈ ಬರಹವನ್ನು ಓದಿ ಯಾರಾದರೂ ಹಳೆಯ ಗಾಡಿಗೆ ಹೊಸ ಗಾಲಿ ಹಾಕಹೊರಟರೆ ಜಾತ್ರೆಗೆ ಹೋಗಿಬರಲಿ, ಅಷ್ಟೇ.

ಬೇಟೆಯ ಸೀಮೆ ಇಂದು ರಕ್ಷಣೆಯ ಸೀಮೆಯಾಗಿದೆ. ಪಾಳೆಯಗಾರರ ಗುಡೇಕೋಟೆಯ ಸುತ್ತ ಈಗ ಕರಡಿ ಧಾಮ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ೨೦೨೪ರಲ್ಲಿ ಅದು ರಾಮ್‌ಸರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿತು. ಕೂಡ್ಲಿಗಿಗೆ ಹತ್ತಿದ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ಕ್ಯಾಮರಾ ಹಿಡಿದು ಕಾಡಿಗೆ ಹೋದರು. ರಾಜ್ಯದ ಹಣಕಾಸಿನ ಮಂತ್ರಿಯಾಗಿದ್ದವರು, ವನ್ಯಜೀವಿಗಳ ಛಾಯಾಚಿತ್ರಕಾರರೆಂದೂ ಹೆಸರಾದರು. ಚಿಗರಿಯ ವಿಷಯದಲ್ಲಿ ಮಾತ್ರ ಕಥೆ ಇಷ್ಟು ಸರಳವಲ್ಲ. ನದಿಯಾಚೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಕಡೆಯ ರೈತರು ಹಿಂಡು ಹಿಂಡಾಗಿ ಬಂದು ಮೊಳಕೆ ಮೇಯುವ ಚಿಗರಿಗಳ ಕಾಟವನ್ನು ಹೇಳಿಕೊಂಡು ಅಳುತ್ತಾರೆ. ಅವರ ಅಳಲು ಸುಳ್ಳಲ್ಲ. ಪಟ್ಟಣದಲ್ಲಿ ಕುಳಿತು ಚಿಗರಿ ಚೆಂದವೆನ್ನುವ ನಮ್ಮಂಥವರು ಅವರ ಹೆಸರುಬೇಳೆಯ ಲೆಕ್ಕವನ್ನೂ ಕೇಳಬೇಕು.

ಹಂಪೆಯಿಂದ ಬಂದ ಎರಡು ದಿನಕ್ಕೆ ಅಳಿಯನನ್ನು ಕರೆದುಕೊಂಡು ತುಂಗಭದ್ರೆ ದಾಟಿ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ೧೯೭೪ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ನೀಲಗಿರಿ ನೆಟ್ಟು ಬಯಲನ್ನು ತೋಪು ಮಾಡಿದ್ದರಿಂದ ಚಿಗರಿಗೆ ಬೇಕಾದ ಹುಲ್ಲುಗಾವಲು ಅಲ್ಲಿ ಕಿರಿದಾಗಿದೆ. ಬಹಳ ಹೊತ್ತು ಸುತ್ತಿದ ಮೇಲೆ ಅಂಚಿನ ಹೊಲವೊಂದರಲ್ಲಿ ಹದಿನೈದಿಪ್ಪತ್ತು ಕಂಡವು. ನಡುವೆ ಒಂದು ಕರಿಯ ಗಂಡು. ದೂರದಲ್ಲಿಯೇ ಕಾರು ನಿಲ್ಲಿಸಿದೆವು. ಅಷ್ಟರಲ್ಲಿ ಸೊಪ್ಪೆ ಹೇರಿದ ಬಂಡಿಯೊಂದು ಆ ದಾರಿಯಲ್ಲಿಯೇ ಬಂದಿತು, ಮೇಲೆ ಒಬ್ಬ ಹುಡುಗ ಬೋರಲು ಮಲಗಿದ್ದ. ಗಂಡು ತಲೆಯೆತ್ತಿ ನೋಡಿತು, ಮತ್ತೆ ಮೇವಿಗೆ ಬಾಯಿ ಹಾಕಿತು. ಬಂಡಿ ಹಿಂಡಿನಿಂದ ನೂರು ಗಜದೊಳಗೆ ಹಾದುಹೋಯಿತು. ಅಳಿಯ ಏನೂ ಮಾತಾಡದೆ ಕ್ಯಾಮರಾ ತೆಗೆದುಕೊಂಡು ಮೆಲ್ಲಗೆ ಕಾರಿನ ಬಾಗಿಲು ತೆರೆದ. ಬಾಗಿಲಿನ ಸಣ್ಣ ಸದ್ದಿಗೆ ಹಿಂಡೆಲ್ಲ ಒಮ್ಮೆಗೇ ನೆಗೆದು, ಬಂಡಿಯ ಮುಂದಿನಿಂದಲೇ ದಾಟಿ ತೋಪಿನೊಳಕ್ಕೆ ಹೋಯಿತು. ಎತ್ತುಗಳು ನಿಲ್ಲಲೂ ಇಲ್ಲ.